ತಾಮ್ರ ಕುಡಿದ ತೋಟಕ್ಕೆ ಇದ್ದಿಲು ಹಾಕಿದರೆ ಎರೆಹುಳು ವಾಪಸ್ ಬರುತ್ತಾ?

ಪ್ರಶ್ನೆ: ನಮ್ಮದು ಸಾಗರದ ಕಡೆ ಎರಡು ಎಕರೆ ಅಡಿಕೆ ತೋಟ, ನಡುವೆ ಕಾಳುಮೆಣಸು. ಅಪ್ಪನ ಕಾಲದಿಂದ, ಅಂದರೆ ನಲವತ್ತು ವರ್ಷದಿಂದ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುತ್ತಾ ಬಂದಿದ್ದೇವೆ. ಈಚೆಗೆ ಬುಡಕ್ಕೆ ಹಾಕಿದ ಸೊಪ್ಪು ವರ್ಷ ಕಳೆದರೂ ಹಾಗೇ ಬಿದ್ದಿರುತ್ತದೆ. ಎರೆಹುಳು ಕಾಣುವುದಿಲ್ಲ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) 5.2, ತಾಮ್ರ 22 ಪಿಪಿಎಂ (ಕೆಜಿ ಮಣ್ಣಿಗೆ 22 ಮಿಲಿಗ್ರಾಂ) ಬಂದಿದೆ. ಪಕ್ಕದಲ್ಲಿ ‘ಸಾಕಷ್ಟಿದೆ’ ಅಂತ ಬರೆದಿದ್ದಾರೆ, ಅಷ್ಟೇ. ಅಡಿಕೆ ಸಿಪ್ಪೆಯಿಂದ ಬಯೋಚಾರ್, ಅಂದರೆ ಇದ್ದಿಲು, ಮಾಡಿ ಹಾಕಿದರೆ ಸೂಕ್ಷ್ಮಜೀವಿಗಳು ಮತ್ತೆ ಹೆಚ್ಚುತ್ತವೆ ಅಂತ ಪರಿಚಯದವರು ಹೇಳಿದರು. ಇದು ನಿಜವಾ? ಎಷ್ಟು ಹಾಕಬೇಕು? ಜೊತೆಗೆ ಪ್ಯಾಕೆಟ್ಟಿನ ಜೀವಾಣು ಗೊಬ್ಬರವೂ ಬೇಕಾ?

ಉತ್ತರ: ನಿಮ್ಮ ವರದಿಯ ಆ ‘ಸಾಕಷ್ಟಿದೆ’ಯಿಂದಲೇ ಶುರು ಮಾಡುತ್ತೇನೆ. ನಮ್ಮ ಮಣ್ಣು ಪರೀಕ್ಷೆಗಳು ಕೊರತೆ ಹುಡುಕಲು ಇರುವಂಥವು. ಡಿಟಿಪಿಎ ಅನ್ನುವ ದ್ರಾವಣದಲ್ಲಿ ಮಣ್ಣನ್ನು ಅಲ್ಲಾಡಿಸಿ, ಎಷ್ಟು ತಾಮ್ರ ಬಿಟ್ಟುಕೊಂಡಿತು ಅಂತ ಅಳೆಯುತ್ತಾರೆ. 0.2 ಪಿಪಿಎಂಗಿಂತ ಕಡಿಮೆ ಬಂದರೆ ಕೊರತೆ. ಅದರ ಮೇಲೆ ಎಷ್ಟೇ ಇದ್ದರೂ ‘ಸಾಕಷ್ಟು’. ನಿಮ್ಮದು 22. ಅಂದರೆ ಬೆಳೆಗೆ ಸಾಕಾಗುವ ಗೆರೆಗಿಂತ ನೂರ ಹತ್ತು ಪಟ್ಟು. ಇದನ್ನು ಸಾಕಷ್ಟಿದೆ ಅನ್ನುವುದು, ಊಟಕ್ಕೆ ಕೂತವನ ಎಲೆಗೆ ಒಂದು ಸೇರು ಉಪ್ಪು ಸುರಿದು ‘ಉಪ್ಪು ಸಾಕಾಯ್ತಲ್ವಾ’ ಅಂತ ಕೇಳಿದ ಹಾಗೆ. ವರದಿ ಬರೆದವರ ತಪ್ಪಲ್ಲ. ಆ ಕಾಗದದಲ್ಲಿ ‘ವಿಪರೀತ’ ಅಂತ ಬರೆಯುವ ಕಾಲಮ್ಮೇ ಇರುವುದಿಲ್ಲ.

ಇಷ್ಟು ತಾಮ್ರ ಎಲ್ಲಿಂದ ಬಂತು ಅನ್ನುವುದಕ್ಕೆ ಲೆಕ್ಕ ಹಾಕೋಣ, ಕಷ್ಟವೇನಿಲ್ಲ. ನೂರು ಲೀಟರ್ ಬೋರ್ಡೋಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಎಕರೆಗೆ 550 ಮರ, ಮರಕ್ಕೆ ಒಂದು ಲೀಟರ್ ಅಂತ ಹಿಡಿಯಿರಿ. ಒಂದು ಸಲ ಹೊಡೆದರೆ ಐದೂವರೆ ಕೆಜಿ ಮೈಲುತುತ್ತ, ಅದರಲ್ಲಿ ಸುಮಾರು 1.4 ಕೆಜಿ ತಾಮ್ರ. ವರ್ಷಕ್ಕೆ ಎರಡು ಸಲ ಅಂದರೆ 2.8 ಕೆಜಿ. ನಲವತ್ತು ವರ್ಷಕ್ಕೆ 112 ಕೆಜಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು ಒಂಬತ್ತು ಲಕ್ಷ ಕೆಜಿ ತೂಗುತ್ತದೆ. ಪೂರ್ತಿ ಅಲ್ಲೇ ಉಳಿದಿದ್ದರೆ ಕೆಜಿ ಮಣ್ಣಿಗೆ 120 ಮಿಲಿಗ್ರಾಮಿನ ಆಸುಪಾಸು ಹೊಸ ತಾಮ್ರ ಸೇರಿದೆ. ಯಾರೂ ಏನೂ ಹೊಡೆಯದ ಸಾಮಾನ್ಯ ಮಣ್ಣಿನಲ್ಲಿ ಇರುವುದು 20-30 ಮಿಲಿಗ್ರಾಮ್. ಎಲ್ಲವೂ ಉಳಿದಿರಲ್ಲ, ನಿಜ. ಒಂದಿಷ್ಟು ಅಡಿಕೆಯ ಜೊತೆ ಹೋಗುತ್ತದೆ, ಒಂದಿಷ್ಟು ಬಸಿಗಾಲುವೆಯ ಕೆಸರಿನ ಜೊತೆ ಹಳ್ಳ ಸೇರುತ್ತದೆ. ಆದರೂ ತಾಮ್ರ ಕೊಳೆಯುವ ವಸ್ತುವಲ್ಲ, ಆವಿಯಾಗುವುದೂ ಇಲ್ಲ. ಅಪ್ಪ ಹೊಡೆದದ್ದು ಇನ್ನೂ ಅಲ್ಲೇ ಇದೆ.

ಇದರ ಮೇಲೆ ಕಾಳುಮೆಣಸಿನ ಲೆಕ್ಕ. ಸೊರಗು ರೋಗಕ್ಕೆ ಅಂತ ಬಳ್ಳಿಯ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಹಾಕುತ್ತೀರಲ್ವಾ? ಲೀಟರಿಗೆ ಎರಡು ಗ್ರಾಂ, ಬಳ್ಳಿಗೆ ಐದು ಲೀಟರ್. ಆ ಪುಡಿಯಲ್ಲಿ ಅರ್ಧ ತಾಮ್ರವೇ. ಹಾಗಾಗಿ ಒಂದೇ ಸಲಕ್ಕೆ ಬಳ್ಳಿಯ ಬುಡಕ್ಕೆ ಐದು ಗ್ರಾಂ ಬಿತ್ತು. ಮರದ ಮೇಲೆ ಹೊಡೆಯುವ ಒಂದು ಲೀಟರ್ ಬೋರ್ಡೋದಲ್ಲಿ ಇರುವುದು ಎರಡೂವರೆ ಗ್ರಾಂ. ಅಂದರೆ ಸದ್ದಿಲ್ಲದೆ ಬುಡಕ್ಕೆ ಸುರಿಯುವುದು, ದೋಟಿ ಹಿಡಿದು ಮೇಲೆ ಹೊಡೆಯುವುದರ ಎರಡರಷ್ಟಾಯ್ತು. ಅದೂ ಎಲೆ, ಕೊನೆ (ಅಡಿಕೆ ಗೊಂಚಲು) ಯಾವುದರ ಮೇಲೂ ನಿಲ್ಲದೆ ನೇರವಾಗಿ ಮಣ್ಣಿಗೆ.

ಹಾಗಂತ ಬೋರ್ಡೋವನ್ನು ಬೈಯುವ ಹಾಗಿಲ್ಲ. 1885ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಮಿಲ್ಲಾರ್ಡೆ ಅದನ್ನು ದ್ರಾಕ್ಷಿಯ ರೋಗಕ್ಕೆ ಮದ್ದು ಅಂತ ಪ್ರಕಟಿಸಿದರು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು. ಆಮೇಲೆ ಬೋರ್ಡೋ ಮಲೆನಾಡಿನ ತೋಟಗಳಿಗೆ ಬಂತು. ಅದಕ್ಕೂ ಮೊದಲು ಕೊನೆಗೆ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟುತ್ತಿದ್ದರು. ಮಳೆಯಲ್ಲಿ ಒಂದೊಂದೇ ಮರ ಹತ್ತಿ ಕಟ್ಟುವ ಪಾಡು ನಿಮ್ಮ ಅಜ್ಜನಿಗೆ ಗೊತ್ತಿತ್ತು. ಬೋರ್ಡೋ ತೋಟ ಉಳಿಸಿದೆ. ಮಣ್ಣಿನ ಮೇಲೆ ಸಾಲ ಹೊರಿಸಿದ್ದೂ ಅದೇ. ಯುರೋಪಿನಲ್ಲಿ ದ್ರಾಕ್ಷಿ ತೋಟಗಳು ಇದೇ ಸಾಲದಲ್ಲಿ ಮುಳುಗಿ, ಈಗ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರ ದಾಟಬಾರದು ಅಂತ ಮಿತಿ ಇಟ್ಟಿದ್ದಾರೆ, ವರ್ಷಕ್ಕೆ ಸರಾಸರಿ ನಾಲ್ಕು ಕೆಜಿ. ಮೇಲಿನ ನಮ್ಮ ಲೆಕ್ಕವನ್ನು ಹೆಕ್ಟೇರಿಗೆ ತಿರುಗಿಸಿದರೆ ಏಳು ಕೆಜಿ ಆಗುತ್ತದೆ.

ಇನ್ನು ಸೊಪ್ಪು ಕೊಳೆಯದ ವಿಷಯ. ಇದನ್ನು ನೀವು ಗಮನಿಸಿದ್ದು ಒಳ್ಳೆಯದಾಯ್ತು. ಇಂಗ್ಲೆಂಡಿನ ವಿಸ್‌ಬೀಚ್ ಸುತ್ತಲಿನ ಹಳೆಯ ಸೇಬಿನ ತೋಟಗಳಲ್ಲಿ 1960ರ ಸುಮಾರಿಗೆ ಕಂಡದ್ದೂ ಇದೇ. ದಶಕಗಳ ಕಾಲ ತಾಮ್ರ ಹೊಡೆದ ನೆಲದಲ್ಲಿ ಎರೆಹುಳು ಇರಲಿಲ್ಲ, ಕೊಳೆಯದ ಎಲೆ-ಹುಲ್ಲು ಮರದ ಬುಡದಲ್ಲಿ ಚಾಪೆ ಹಾಸಿದ ಹಾಗೆ ಕೂತಿತ್ತು. ಕೊಳೆಯುವುದು ಅಂದರೇನು? ಎರೆಹುಳು ಎಲೆಯನ್ನು ಒಳಗೆಳೆದು ಚೂರು ಮಾಡುತ್ತದೆ, ಶಿಲೀಂಧ್ರ ಗಟ್ಟಿ ನಾರನ್ನು ಬಿಡಿಸುತ್ತದೆ, ಬ್ಯಾಕ್ಟೀರಿಯ ಉಳಿದದ್ದನ್ನು ಮುಗಿಸುತ್ತದೆ. ಇದೊಂದು ಸಾಲು. ಮೊದಲ ಆಳೇ ರಜೆ ಹಾಕಿದರೆ ಕೆಲಸ ಅಲ್ಲಿಗೇ ನಿಂತಿತು.

ತಾಮ್ರ ಈ ಜೀವಿಗಳಿಗೆ ಮಾಡುವುದೇನು? ಸ್ವಲ್ಪ ತಾಮ್ರ ಅವಕ್ಕೂ ಬೇಕು, ನಮಗೆ ಬೇಕಾದ ಹಾಗೆ. ಜಾಸ್ತಿಯಾದರೆ ಅದು ಜೀವಕೋಶದ ಒಳಗೆ ನುಗ್ಗಿ ಕಿಣ್ವಗಳಲ್ಲಿ ಕೂತಿರುವ ಕಬ್ಬಿಣವನ್ನು ತಳ್ಳಿ ತಾನು ಕೂರುತ್ತದೆ. ಕಿಣ್ವ ಕೆಡುತ್ತದೆ. ಕೋಶದ ಹೊರಪೊರೆಯೂ ಹಾಳಾಗುತ್ತದೆ. ಕೆಲವು ಬ್ಯಾಕ್ಟೀರಿಯಗಳ ಬಳಿ ತಾಮ್ರವನ್ನು ಹೊರಗೆ ಹಾಕುವ ಪಂಪ್ ಇರುತ್ತದೆ. ದೋಣಿಗೆ ತೂತು ಬಿದ್ದಾಗ ನೀರು ಮೊಗೆದು ಚೆಲ್ಲುತ್ತಲೇ ಹುಟ್ಟು ಹಾಕುವ ಹಾಗೆ ಅವು ಬದುಕುತ್ತವೆ. ತಿಂದದ್ದರಲ್ಲಿ ಬಹುಪಾಲು ಜೀವ ಉಳಿಸಿಕೊಳ್ಳುವುದಕ್ಕೇ ಖರ್ಚು. ಮರಿ ಮಾಡುವುದಕ್ಕೆ, ಸೊಪ್ಪು ಕೊಳೆಸುವುದಕ್ಕೆ ಏನು ಉಳಿಯುತ್ತದೆ? ಲ್ಯಾಬಿನಲ್ಲಿ ಇಂಥ ಮಣ್ಣನ್ನು ಡಬ್ಬಿಯಲ್ಲಿಟ್ಟು ಉಸಿರಾಟ ಅಳೆದರೆ, ಇರುವ ಜೀವಿಗಳ ತೂಕಕ್ಕೆ ಹೋಲಿಸಿ ಉಸಿರು ಜಾಸ್ತಿ ಬರುತ್ತದೆ. ಏದುಸಿರು ಅನ್ನಿ.

ಒಟ್ಟು ಸಂಖ್ಯೆ ನೋಡಿ ಮೋಸ ಹೋಗಬಾರದು. ಇಂಗ್ಲೆಂಡಿನ ವೋಬರ್ನ್‌ನಲ್ಲಿ 1942ರಿಂದ 1961ರವರೆಗೆ ಒಂದು ಹೊಲಕ್ಕೆ ಪಟ್ಟಣದ ಚರಂಡಿ ಗಸಿ ಹಾಕಿದರು. ಅದರಲ್ಲಿ ಸತು, ಕ್ಯಾಡ್ಮಿಯಂ, ತಾಮ್ರ ಎಲ್ಲ ಇತ್ತು. ನಿಲ್ಲಿಸಿ ಇಪ್ಪತ್ತು ವರ್ಷ ದಾಟಿದ ಮೇಲೆ ಅಲ್ಲಿ ಕ್ಲೋವರ್ ಅನ್ನುವ ದ್ವಿದಳ ಮೇವು ಬೆಳೆದು ನೋಡಿದರೆ, ಬೇರಿನಲ್ಲಿ ಗಂಟು ಕಟ್ಟುವ ರೈಜೋಬಿಯಂ ಬ್ಯಾಕ್ಟೀರಿಯ ಇತ್ತು. ಗಂಟೂ ಇತ್ತು. ಆದರೆ ಗಾಳಿಯ ಸಾರಜನಕ ಹಿಡಿಯುತ್ತಿರಲಿಲ್ಲ. ಕೆಲಸ ಗೊತ್ತಿದ್ದ ತಳಿಗಳೆಲ್ಲ ಸತ್ತು, ಲೋಹ ತಡೆದುಕೊಳ್ಳುವ ಒಂದು ಸೋಮಾರಿ ತಳಿ ಮಾತ್ರ ಉಳಿದಿತ್ತು. ಊರಲ್ಲಿ ಜನ ಇದ್ದಾರೆ, ಆದರೆ ನೇಗಿಲು ಹಿಡಿಯುವವರಿಲ್ಲ ಅಂದ ಹಾಗೆ.

ಈಗ ಇದ್ದಿಲಿಗೆ ಬರೋಣ. ಬಯೋಚಾರ್ ಅಂದರೆ ಕಸಕಡ್ಡಿಯನ್ನು ಗಾಳಿ ಆಡದ ಹಾಗೆ 350ರಿಂದ 700 ಡಿಗ್ರಿ ಬಿಸಿಯಲ್ಲಿ ಇದ್ದಿಲು ಮಾಡಿದ್ದು. ಗಾಳಿ ಬಿಟ್ಟು ಪೂರ್ತಿ ಉರಿಸಿದರೆ ಬೂದಿ. ಕರಾವಳಿ, ಮಲೆನಾಡಿನ ಹಳಬರು ತರಕಾರಿಗೆ ಮಾಡುತ್ತಿದ್ದ ಸುಡುಮಣ್ಣಿನಲ್ಲಿ ಬೂದಿ, ಇದ್ದಿಲು ಎರಡೂ ಬೆರೆತಿರುತ್ತಿತ್ತು. ಬೂದಿಯ ಪರಿಣಾಮ ಬೇಗ, ಆದರೆ ಮಲೆನಾಡಿನ ಎರಡು ಮಳೆಗಾಲಕ್ಕೆ ಅದು ತೊಳೆದು ಹೋಗುತ್ತದೆ. ಇದ್ದಿಲು ಹೋಗುವುದಿಲ್ಲ. ನಿಮ್ಮ ಮೊಮ್ಮಕ್ಕಳು ಅಗೆದಾಗಲೂ ಸಿಗುತ್ತದೆ.

ಇದ್ದಿಲು ಸೂಕ್ಷ್ಮಜೀವಿಗಳಿಗೆ ಮನೆ, ಅದರ ತೂತುಗಳಲ್ಲಿ ಅವು ವಾಸ ಮಾಡುತ್ತವೆ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇವೆ. ನನಗೆ ಅದು ಅರ್ಧ ನಿಜ ಅನ್ನಿಸುತ್ತದೆ. ಬಿದಿರಿನ ಇದ್ದಿಲನ್ನು ಮುರಿದು ಭೂತಗನ್ನಡಿಯಲ್ಲಿ ನೋಡಿ. ಜೇನು ಹುಟ್ಟಿನ ಹಾಗೆ ಕಾಣುವ ತೂತುಗಳಿವೆ. ಇವು ಗಿಡದ ನೀರು ಹರಿಯುತ್ತಿದ್ದ ಕೊಳವೆಗಳು, ಇಲ್ಲಿಗೆ ಬ್ಯಾಕ್ಟೀರಿಯ, ಶಿಲೀಂಧ್ರದ ಎಳೆ ಸಲೀಸಾಗಿ ಹೋಗುತ್ತವೆ. ಆದರೆ ‘ಒಂದು ಗ್ರಾಂ ಇದ್ದಿಲಿನಲ್ಲಿ ಇಷ್ಟು ನೂರು ಚದರ ಮೀಟರ್ ಜಾಗ’ ಅಂತ ಜಾಹೀರಾತಿನಲ್ಲಿ ಬರುವ ಲೆಕ್ಕ ಇದರದ್ದಲ್ಲ. ಆ ಜಾಗದಲ್ಲಿ ಬಹುಪಾಲು ಇರುವುದು ಕಣ್ಣಿಗೆ ಕಾಣದ ಸಣ್ಣ ಸಂದುಗಳಲ್ಲಿ, ಮೈಕ್ರಾನಿನ ನೂರನೇ ಒಂದು ಭಾಗ, ಸಾವಿರನೇ ಒಂದು ಭಾಗ ಅಗಲದವು. ಬ್ಯಾಕ್ಟೀರಿಯ ಒಂದು ಮೈಕ್ರಾನಿನಷ್ಟು ದಪ್ಪ. ಸೂಜಿ ಕಣ್ಣಿನಲ್ಲಿ ಆನೆ ತೂರಿದಂತೆಯೇ. ಹೊಲದಲ್ಲಿ ಕೆಲವು ವರ್ಷ ಇದ್ದ ಇದ್ದಿಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಒಳಗೆ ಅಂಥ ಜನಸಂದಣಿಯೇನೂ ಕಂಡಿಲ್ಲ.

ಹಾಗಾದರೆ ಇದ್ದಿಲು ಹಾಕಿದ ಕಡೆ ಜೀವಿಗಳು ಹೆಚ್ಚುವುದು ಹೇಗೆ? ನಿಮ್ಮಂಥ ಮಣ್ಣಿನಲ್ಲಿ ಮುಖ್ಯ ಕೆಲಸ ತಾಮ್ರವನ್ನು ಕೂರಿಸುವುದು. ಮಣ್ಣಿನಲ್ಲಿರುವ ಎಲ್ಲ ತಾಮ್ರವೂ ವಿಷವಲ್ಲ. ಜೇಡಿಗೆ, ಸಾವಯವ ವಸ್ತುವಿಗೆ ಅಂಟಿಕೊಂಡದ್ದು ಸುಮ್ನೆ ಇರುತ್ತದೆ. ನೀರಿನಲ್ಲಿ ಕರಗಿ ಓಡಾಡುವ ಚೂರು ಪಾಲು ಇದೆಯಲ್ಲ, ಜೀವಿಗಳನ್ನು ಹೊಡೆಯುವುದು ಅದು. ಮಣ್ಣು ಹುಳಿಯಾದಷ್ಟೂ ಆ ಪಾಲು ಜಾಸ್ತಿ. ನಿಮ್ಮ 5.2 ಪಿಎಚ್‌ನಲ್ಲಿ ತಾಮ್ರ ಚುರುಕಾಗಿದೆ. ಇದ್ದಿಲಿನಲ್ಲಿರುವ ಬೂದಿ ಹುಳಿಯನ್ನು ತಗ್ಗಿಸುತ್ತದೆ. ಇದ್ದಿಲಿನ ಮೈಮೇಲಿರುವ ಋಣ ಚಾರ್ಜಿನ ಜಾಗಗಳು ತಾಮ್ರವನ್ನು ಹಿಡಿದುಕೊಳ್ಳುತ್ತವೆ. ಪಿಎಚ್ ಆರೂವರೆ ಹತ್ತಿರ ಬಂದರೆ ಓಡಾಡುವ ತಾಮ್ರ ಬಹಳ ಮಟ್ಟಿಗೆ ಕೂತುಬಿಡುತ್ತದೆ. ಹೊಡೆತ ಕಡಿಮೆಯಾದಾಗ ಜೀವಿಗಳು ತಾವಾಗಿಯೇ ಚಿಗುರುತ್ತವೆ. ಮೊದಲು ಬ್ಯಾಕ್ಟೀರಿಯ, ಅದರಲ್ಲೂ ಅಮೋನಿಯವನ್ನು ನೈಟ್ರೇಟ್ ಮಾಡುವ ನಾಜೂಕಿನ ಗುಂಪು. ತಾಮ್ರ, ಹುಳಿ ಎರಡಕ್ಕೂ ಮೊದಲು ಸೊರಗುವುದೂ ಅದೇ ಗುಂಪು.

ಇಲ್ಲೊಂದು ಪ್ರಾಮಾಣಿಕ ಪ್ರಶ್ನೆ ಇದೆ. ಹುಳಿ ತಗ್ಗಿಸುವ ಕೆಲಸವನ್ನು ಸುಣ್ಣವೂ ಮಾಡುತ್ತದೆ, ಅದೂ ಕಡಿಮೆ ಖರ್ಚಿನಲ್ಲಿ. ಇದ್ದಿಲಿನಿಂದ ಬಂತು ಅನ್ನುವ ಲಾಭದಲ್ಲಿ ಸುಣ್ಣದಿಂದಲೂ ಬರುತ್ತಿದ್ದುದು ಎಷ್ಟು? ಹುಳಿ ಮಣ್ಣಿನಲ್ಲಿ ಆ ಪಾಲು ದೊಡ್ಡದೇ. ಪಕ್ಕದಲ್ಲಿ ಸುಣ್ಣ ಮಾತ್ರ ಹಾಕಿದ ಮಣ್ಣನ್ನಿಟ್ಟು ಹೋಲಿಸದ ಪ್ರಯೋಗವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಇದ್ದಿಲಿಗೆ ಸುಣ್ಣಕ್ಕಿಲ್ಲದ ಒಂದು ಗುಣ ಇದೆ. ಸುಣ್ಣದ ಪ್ರಭಾವ ಕೆಲವು ವರ್ಷಕ್ಕೆ ಇಳಿಯುತ್ತದೆ. ಇದ್ದಿಲಿನ ಬೂದಿಯದ್ದೂ ಹಾಗೇ. ಆದರೆ ಇದ್ದಿಲಿನ ಮೈ ಗಾಳಿ-ನೀರಿಗೆ ಹಳತಾದಂತೆ ತಾಮ್ರ ಹಿಡಿಯುವ ಜಾಗಗಳು ಹೆಚ್ಚುತ್ತಾ ಹೋಗುತ್ತವೆ.

ಅಳತೆಯ ಬಗ್ಗೆಯೂ ಒಂದು ಮಾತು, ಕಸುಬಿನವರ ಒಳಗುಟ್ಟು ಅನ್ನಿ. ಮಣ್ಣಿನ ಜೀವಂತಿಕೆ ಅಳೆಯಲು ಡಿಹೈಡ್ರೋಜಿನೇಸ್ ಅನ್ನುವ ಕಿಣ್ವದ ಪರೀಕ್ಷೆ ಮಾಡುತ್ತಾರೆ. ಬಣ್ಣವಿಲ್ಲದ ದ್ರಾವಣ ಕೆಂಪಾಗುತ್ತದೆ, ಎಷ್ಟು ಕೆಂಪೋ ಅಷ್ಟು ಜೀವ. ತಾಮ್ರ ಇರುವ ಮಣ್ಣಿನಲ್ಲಿ ಈ ಪರೀಕ್ಷೆ ಕೈಕೊಡುತ್ತದೆ. ತಾಮ್ರ ಆ ಕೆಂಪು ಬಣ್ಣವನ್ನೇ ಕೆಡಿಸುತ್ತದೆ, ಜೀವಿಗಳು ಚೆನ್ನಾಗಿದ್ದರೂ ಕಡಿಮೆ ತೋರಿಸುತ್ತದೆ. ಆಮೇಲೆ ಇದ್ದಿಲು ತಾಮ್ರವನ್ನು ಹಿಡಿದಾಗ ಬಣ್ಣ ಏರುತ್ತದೆ, ಜೀವಿಗಳು ದುಪ್ಪಟ್ಟಾದವು ಅಂತ ನಾವು ಬರೆದುಬಿಡುತ್ತೇವೆ! ಕೆಲವೊಮ್ಮೆ ಉಲ್ಟಾ: ಇದ್ದಿಲು ಆ ಬಣ್ಣವನ್ನೇ ಹೀರಿ ಕಡಿಮೆ ತೋರಿಸುತ್ತದೆ. ಹಾಗಾಗಿ ‘ಇಷ್ಟು ಪರ್ಸೆಂಟ್ ಹೆಚ್ಚಾಯ್ತು’ ಅಂತ ಯಾರಾದರೂ ಹೇಳಿದರೆ ಹೇಗೆ ಅಳೆದಿರಿ ಅಂತ ಕೇಳಿ.

ಇನ್ನು ನಿಮ್ಮ ಅಡಿಕೆ ಸಿಪ್ಪೆ. ಸಿಪ್ಪೆ ಬೇಗ ಕೊಳೆಯುವುದಿಲ್ಲ, ರಸ್ತೆ ಬದಿಗೆ ಸುರಿದು ಬೆಂಕಿ ಹಚ್ಚಿ ಊರಿಗೆಲ್ಲ ಹೊಗೆ ಕುಡಿಸುವುದಕ್ಕಿಂತ ಇದ್ದಿಲು ಮಾಡುವುದು ಎಷ್ಟೋ ವಾಸಿ. ಪೊಟ್ಯಾಷ್ ಕೂಡ ಚೆನ್ನಾಗಿದೆ. ಆದರೆ ಯೋಚನೆ ಮಾಡಿ: ಬೋರ್ಡೋ ಬಿದ್ದದ್ದು ಎಲ್ಲಿಗೆ? ಕೊನೆಗೆ. ಅಂದರೆ ಕಾಯಿಯ ಸಿಪ್ಪೆಗೆ. ಮಳೆಗೆ ತೊಳೆದು ಹೋದದ್ದು ಬಿಟ್ಟು ಒಂದಿಷ್ಟು ಅಲ್ಲೇ ಅಂಟಿಕೊಂಡಿರುತ್ತದೆ. ಸುಡುವಾಗ ತಾಮ್ರ ಹೊಗೆಯಾಗಿ ಹೋಗುವುದಿಲ್ಲ. ನಾಲ್ಕು ಕೆಜಿ ಒಣ ಸಿಪ್ಪೆಯಿಂದ ಒಂದು ಕೆಜಿ ಇದ್ದಿಲು ಬಂದರೆ, ನಾಲ್ಕು ಕೆಜಿಯ ತಾಮ್ರ ಒಂದು ಕೆಜಿಯಲ್ಲಿ ಕೂತಿರುತ್ತದೆ. ತಾಮ್ರ ಹಿಡಿಯಲಿ ಅಂತ ಹಾಕುವ ಇದ್ದಿಲು ತಾನೇ ತಾಮ್ರದ ಗಂಟು ಹೊತ್ತು ಬಂದರೆ ಹೇಗೆ? ಇದ್ದಿಲಿನೊಳಗಿನ ತಾಮ್ರ ಬಿಡಿ ತಾಮ್ರದಷ್ಟು ಚುರುಕಲ್ಲ, ಒಪ್ಪುತ್ತೇನೆ. ಆದರೂ ಪರೀಕ್ಷೆ ಮಾಡಿಸದೆ ಹಾಕಬೇಡಿ. ನನ್ನ ಮಾತು ಕೇಳುವುದಾದರೆ ಈ ತೋಟಕ್ಕೆ ತೆಂಗಿನ ಚಿಪ್ಪು, ಬಿದಿರು, ಬೇಲಿಯ ಲಂಟಾನ, ಗ್ಲಿರಿಸಿಡಿಯಾ ಕೊಂಬೆ, ಬಿದ್ದ ಅಡಿಕೆ ಮರದ ಕಾಂಡ ಇವುಗಳ ಇದ್ದಿಲು ಬಳಸಿ. ಸಿಪ್ಪೆಯ ಇದ್ದಿಲನ್ನು ತಾಮ್ರ ಬೀಳದ ಬೇರೆ ಜಾಗಕ್ಕೆ ಇಡಿ.

ಮಾಡುವ ವಿಧಾನ ಸುಲಭ. ಆಲಿಕೆಯ ಆಕಾರದಲ್ಲಿ, ಮೇಲೆ ಐದಡಿ ಅಗಲ, ಕೆಳಗೆ ಕಿರಿದಾಗಿ ಮೂರಡಿ ಆಳದ ಗುಂಡಿ ತೋಡಿ. ತಳದಲ್ಲಿ ಬೆಂಕಿ ಹಚ್ಚಿ, ಕೆಂಡದ ಮೇಲೆ ಬೂದಿ ಬಿಳುಪು ಕಾಣಿಸಿಕೊಂಡ ತಕ್ಷಣ ಮುಂದಿನ ಪದರ ಒಣ ಕಟ್ಟಿಗೆ ಹಾಕಿ. ಮೇಲಿನ ಜ್ವಾಲೆ ಗಾಳಿಯನ್ನೆಲ್ಲ ತಿನ್ನುತ್ತದೆ, ಕೆಳಗಿನದು ಇದ್ದಿಲಾಗಿ ಉಳಿಯುತ್ತದೆ. ಕಟ್ಟಿಗೆ ಚೆನ್ನಾಗಿ ಒಣಗಿದ್ದರೆ ಹೊಗೆ ಬಹಳ ಕಡಿಮೆ. ಗುಂಡಿ ತುಂಬಿದ ಮೇಲೆ ನೀರು ಅಥವಾ ಸಗಣಿ ಸ್ಲರಿ ಸುರಿದು ಪೂರ್ತಿ ಆರಿಸಿ. ಒಂದು ಚೂರನ್ನು ಕೈಯಲ್ಲಿ ಉಜ್ಜಿ, ಬರೀ ನೀರಿನಲ್ಲಿ ತೊಳೆಯಿರಿ. ಕಪ್ಪು ಹೋದರೆ ಸರಿ. ಜಿಡ್ಡು ಉಳಿದು ಸೋಪು ಬೇಕಾದರೆ ಡಾಂಬರು ಉಳಿದಿದೆ ಅಂತ ಅರ್ಥ. ಅಂಥದ್ದು ಜೀವಿಗಳಿಗೆ ಒಳ್ಳೆಯದಲ್ಲ, ಮತ್ತೆ ಸುಡಿ.

ಹಸಿ ಇದ್ದಿಲನ್ನು ನೇರ ಬುಡಕ್ಕೆ ಹಾಕುವುದು ಬೇಡ. ಇದನ್ನು ಕಲಿಯಲು ನಾನು ಒಂದು ನರ್ಸರಿ ಕೆಡಿಸಿಕೊಂಡಿದ್ದೇನೆ. ಮೆಣಸಿನ ಬಳ್ಳಿಯ ಚೀಲಗಳಿಗೆ ಮಣ್ಣು ತುಂಬುವಾಗ, ಆಗಷ್ಟೇ ಆರಿಸಿದ ಇದ್ದಿಲನ್ನು ಉತ್ಸಾಹದಲ್ಲಿ ಜಾಸ್ತಿಯೇ ಬೆರೆಸಿದೆ. ಮೂರನೇ ವಾರಕ್ಕೆ ಎಲೆಗಳೆಲ್ಲ ನಿಂಬೆಹಣ್ಣಿನ ಬಣ್ಣ. ತಾಜಾ ಇದ್ದಿಲಿನ ಮೇಲೆ ಸುಲಭವಾಗಿ ತಿನ್ನಬಹುದಾದ ಇಂಗಾಲ ಸ್ವಲ್ಪ ಇರುತ್ತದೆ. ಬ್ಯಾಕ್ಟೀರಿಯ ಅದನ್ನು ತಿಂದು ದಿಢೀರ್ ಹೆಚ್ಚುತ್ತದೆ, ಮೈ ಬೆಳೆಸಲು ಮಣ್ಣಿನ ಸಾರಜನಕವನ್ನೆಲ್ಲ ಕಸಿಯುತ್ತದೆ. ಇದ್ದಿಲೂ ಒಂದಿಷ್ಟು ಹಿಡಿದಿಡುತ್ತದೆ. ಗಿಡ ಉಪವಾಸ. ಆಮೇಲೆ ಸರಿಹೋಯ್ತು ಬಿಡಿ, ಆದರೆ ಆ ಒಂದು ತಿಂಗಳು ಮನೆಯವರ ಮುಖ ನೋಡುವ ಹಾಗಿರಲಿಲ್ಲ. ಹಾಗಾಗಿ ಇದ್ದಿಲನ್ನು ಪುಡಿ ಮಾಡಿ, ಎರಡು ಪಾಲು ಹಟ್ಟಿಗೊಬ್ಬರದ ಜೊತೆ ಕಲೆಸಿ, ತೇವ ಇಟ್ಟು ಎರಡು ತಿಂಗಳು ಬಿಡಿ. ಹಟ್ಟಿಗೊಬ್ಬರವೂ ತಾಮ್ರ ಹಿಡಿಯುವುದರಲ್ಲಿ ಗಟ್ಟಿಗ.

ಎಷ್ಟು ಹಾಕಬೇಕು ಅನ್ನುವಲ್ಲಿ ಲ್ಯಾಬಿಗೂ ತೋಟಕ್ಕೂ ಅಜಗಜಾಂತರ. ಕುಂಡದ ಪ್ರಯೋಗಗಳಲ್ಲಿ ಮಣ್ಣಿನ ತೂಕದ ಶೇಕಡ 5ರವರೆಗೂ ಬೆರೆಸುತ್ತಾರೆ, ಫಲಿತಾಂಶ ಕಣ್ಣು ಕೋರೈಸುತ್ತದೆ. ಮರದ ಸುತ್ತ ಮೂರಡಿ, ಅರ್ಧ ಅಡಿ ಆಳ ಅಂದರೆ 550 ಕೆಜಿಯಷ್ಟು ಮಣ್ಣು. ಅದರ ಶೇಕಡ 5 ಅಂದರೆ 27-28 ಕೆಜಿ ಇದ್ದಿಲು, ಒಂದೇ ಮರಕ್ಕೆ. ಎಕರೆಗೆ 15 ಟನ್. ಅಷ್ಟು ಇದ್ದಿಲಿಗೆ 60 ಟನ್ ಒಣ ಕಟ್ಟಿಗೆ ಬೇಕು. ಬೆಟ್ಟವನ್ನೇ ಕಡಿಯಬೇಕಾಗುತ್ತದೆ. ಮರಕ್ಕೆ ಮೂರು ಕೆಜಿ ಹಾಕಿ, ಅದು ಅರ್ಧ ಪರ್ಸೆಂಟ್. ಎರಡು ವರ್ಷ ಬಿಟ್ಟು ಇನ್ನೊಂದು ಮೂರು ಕೆಜಿ. ಇಷ್ಟು ಸಣ್ಣ ಪ್ರಮಾಣದಿಂದ ಪಿಎಚ್ ಆರೂವರೆಗೆ ಏರುವುದಿಲ್ಲ. ಆದ್ದರಿಂದ ಸುಣ್ಣ ಅಥವಾ ಡೋಲಮೈಟನ್ನೂ ಬಿಡಬೇಡಿ. ಅದರ ಪ್ರಮಾಣ ನಿಮ್ಮ ಮಣ್ಣಿನ ವರದಿ ನೋಡಿ ಕೃಷಿ ವಿಜ್ಞಾನ ಕೇಂದ್ರದವರು ಹೇಳುತ್ತಾರೆ.

ಹಾಕುವ ಹೊತ್ತೂ ಮುಖ್ಯ. ಮಳೆಗಾಲದ ಮುಂಚೆ ಬೇಡ, ದೀಪಾವಳಿ ಆಸುಪಾಸು ಹಾಕಿ. ತಾಮ್ರಕ್ಕೆ ಒಂದು ವಿಚಿತ್ರ ಗುಣ ಇದೆ. ತಾಜಾ ಇದ್ದಿಲು, ಗೊಬ್ಬರದಿಂದ ಬರುವ ಕಂದು ಬಣ್ಣದ ಕರಗುವ ಸಾವಯವ ಅಂಶಕ್ಕೆ ಅದು ಅಂಟಿಕೊಂಡು ನೀರಿನ ಜೊತೆ ಹೊರಟುಬಿಡುತ್ತದೆ. ಇದ್ದಿಲು ಹಾಕಿದ ಹೊಸದರಲ್ಲಿ ಮಣ್ಣಿನ ನೀರಿನಲ್ಲಿ ತಾಮ್ರ ಇಳಿಯುವ ಬದಲು ಏರಿದ ಪ್ರಯೋಗಗಳೂ ಇವೆ. ಹಾಗೆ ಅಂಟಿದ ತಾಮ್ರ ಜೀವಿಗಳಿಗೆ ಅಷ್ಟು ವಿಷವಲ್ಲ, ಆದರೆ ಜುಲೈ ಮಳೆಯಲ್ಲಿ ಬಸಿಗಾಲುವೆ ದಾಟಿ ಹಳ್ಳಕ್ಕೆ ಸೇರುತ್ತದೆ. ಆರ್ಸೆನಿಕ್ ಇನ್ನೂ ಹಟಮಾರಿ, ಪಿಎಚ್ ಏರಿದರೆ ಅದು ಕೂರುವ ಬದಲು ಏಳುತ್ತದೆ. ಬಿಡದಿ ಹತ್ತಿರ ಬೈರಮಂಗಲ ಕೆರೆಯ ಕೆಳಗೆ ವೃಷಭಾವತಿಯ ನೀರಿನಲ್ಲಿ ಬೆಳೆಯುವ ರೈತರಿಗೆ ಹತ್ತಾರು ಲೋಹಗಳು ಒಟ್ಟಿಗೆ ಬರುತ್ತವೆ. ಈ ಉತ್ತರವನ್ನು ಅಲ್ಲಿಗೆ ಹಾಗೇ ಎತ್ತಿ ಹಾಕಬೇಡಿ. ನೀರು ಬರುತ್ತಲೇ ಇರುವಾಗ ಇದ್ದಿಲು ಎಷ್ಟು ದಿನ ತಡೆದೀತು?

ಬೇರು ಮೇಲೇ ಇರುತ್ತದೆ, ಹಾರೆ-ಗುದ್ದಲಿ ಬೇಡ. ಕೈಮುಳ್ಳಿನಲ್ಲಿ ಎರಡು-ಮೂರು ಇಂಚು ಕೆದಕಿ ಬೆರೆಸಿ, ಮೇಲೆ ಸೊಪ್ಪು ಮುಚ್ಚಿ. ಇದ್ದಿಲು ಹಾಕಿ ಮುಗಿದ ಮೇಲೆ ಯೂರಿಯಾ, ಅಮೋನಿಯಂ ಸಲ್ಫೇಟ್ ಕೈ ಬಿಗಿ ಹಿಡಿದು ಹಾಕಿ. ಅವು ಮತ್ತೆ ಹುಳಿ ಮಾಡುತ್ತವೆ. ಕೂತ ತಾಮ್ರ ಮತ್ತೆ ಎದ್ದು ನಿಲ್ಲುತ್ತದೆ. ಇದ್ದಿಲು ತಾಮ್ರವನ್ನು ತೋಟದಿಂದ ಓಡಿಸಿಲ್ಲ, ಕಟ್ಟಿಹಾಕಿದೆ ಅಷ್ಟೇ. ಹಾಗಾಗಿ ಹೊಸ ತಾಮ್ರ ತಗ್ಗಿಸದೆ ಇದ್ದಿಲು ಹಾಕುವುದು ದಂಡ. ಬೋರ್ಡೋ ಬಿಡಿ ಅನ್ನುವ ಧೈರ್ಯ ನನಗಿಲ್ಲ, ಕೊಳೆ ಬಂದ ವರ್ಷ ನೀವು ನನ್ನನ್ನು ಹುಡುಕಿಕೊಂಡು ಬರುತ್ತೀರಿ. ಆದರೆ ಕೊನೆಗೆ ಮಾತ್ರ ತಾಗುವ ಹಾಗೆ ಹೊಡೆಸಿ. ಸಾಧ್ಯವಿದ್ದ ಕಡೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿ. ಉಳಿದ ದ್ರಾವಣವನ್ನು ಡ್ರಮ್ಮಿನ ಪಕ್ಕದಲ್ಲೇ ಚೆಲ್ಲುವ ಅಭ್ಯಾಸ ಬಿಡಿಸಿ. ಪ್ರತಿ ವರ್ಷ ಡ್ರಮ್ ಇಡುವ ಆ ಒಂದು ಜಾಗದ ಮಣ್ಣನ್ನು ಬೇಕಾದರೆ ಪರೀಕ್ಷೆಗೆ ಕೊಡಿ, ಸಂಖ್ಯೆ ನೋಡಿ ಗಾಬರಿಯಾಗುತ್ತೀರಿ. ಬಳ್ಳಿಯ ಬುಡಕ್ಕೆ ಸುರಿಯುವುದನ್ನು ರೋಗ ಕಂಡ ಬಳ್ಳಿ ಮತ್ತು ಅದರ ನೆರೆಹೊರೆಗೆ ಸೀಮಿತ ಮಾಡಿ.

ಪ್ಯಾಕೆಟ್ಟಿನ ಜೀವಾಣು ಈಗಲೇ ಬೇಡ. ತಾಮ್ರ ಚುರುಕಾಗಿರುವಾಗ ಅದನ್ನು ಹಾಕುವುದು ಬತ್ತಿದ ಕೆರೆಗೆ ಮೀನುಮರಿ ಬಿಟ್ಟ ಹಾಗೆ. ಇದ್ದಿಲು-ಗೊಬ್ಬರದ ರಾಶಿಗೆ ನಿಮ್ಮ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಮೇಲ್ಮಣ್ಣು ಒಂದೆರಡು ಬುಟ್ಟಿ ಬೆರೆಸಿದರೆ ಊರಿನ ಜೀವಿಗಳೇ ಬಿಟ್ಟಿಯಾಗಿ ಬರುತ್ತವೆ. ರೋಗ ತಡೆಯುವ ಶಿಲೀಂಧ್ರ ಟ್ರೈಕೋಡರ್ಮಾವನ್ನು ಮಾತ್ರ ಆಮೇಲೆ ಹಾಕಬಹುದು. ಆದರೆ ತಾಮ್ರ ಸುರಿದ ಎರಡು-ಮೂರು ವಾರದೊಳಗೆ ಅಲ್ಲ.

ಎರಡೂ ಎಕರೆಗೆ ಒಮ್ಮೆಲೇ ಇಳಿಯಬೇಡಿ. ಹತ್ತು ಮರಕ್ಕೆ ಏನೂ ಬೇಡ, ಹತ್ತು ಮರಕ್ಕೆ ಸುಣ್ಣ ಮಾತ್ರ, ಹತ್ತು ಮರಕ್ಕೆ ಸುಣ್ಣ ಮತ್ತು ಇದ್ದಿಲು-ಗೊಬ್ಬರ. ಮರಗಳಿಗೆ ಬಣ್ಣದ ದಾರ ಕಟ್ಟಿ, ಇಲ್ಲದಿದ್ದರೆ ಮರುವರ್ಷ ಯಾವುದು ಯಾವುದೆಂದು ಮರೆಯುತ್ತದೆ. ಹಾಕಿ ಆರು ತಿಂಗಳಾದ ಮೇಲೆ ಮೂರೂ ಕಡೆಯ ಮಣ್ಣು ತಂದು ಕುಂಡಗಳಲ್ಲಿ ಅಲಸಂದೆ ಬಿತ್ತಿ. ನಾಲ್ಕನೆಯ ಕುಂಡಕ್ಕೆ ಸೊಪ್ಪಿನ ಬೆಟ್ಟದ ಮಣ್ಣು. 40 ದಿನಕ್ಕೆ ಕಿತ್ತು ಬೇರು ತೊಳೆದು, ಗಂಟುಗಳನ್ನು ಬ್ಲೇಡಿನಲ್ಲಿ ಸೀಳಿ ನೋಡಿ. ಒಳಗೆ ರಕ್ತದ ಹಾಗೆ ಕೆಂಪಗಿದ್ದರೆ ಸಾರಜನಕ ಹಿಡಿಯುತ್ತಿದೆ. ಬಿಳುಪು, ಹಸಿರು ಇದ್ದರೆ ವೋಬರ್ನಿನ ಸೋಮಾರಿಗಳ ಥರ, ಗಂಟು ಇದೆ, ಕೆಲಸ ಇಲ್ಲ. ಎಷ್ಟು ಗಂಟು, ಅದರಲ್ಲಿ ಎಷ್ಟು ಕೆಂಪು ಅಂತ ಬರೆದಿಡಿ.

ಎರೆಹುಳುವನ್ನೂ ಕೇಳಬಹುದು. ಒಂದು ಅಗಲ ಟ್ರೇಯ ನಡುವೆ ರಟ್ಟು ನಿಲ್ಲಿಸಿ, ಒಂದು ಕಡೆ ಏನೂ ಹಾಕದ ಮರದ ಮಣ್ಣು, ಇನ್ನೊಂದು ಕಡೆ ಇದ್ದಿಲು ಹಾಕಿದ ಮಣ್ಣು ತುಂಬಿ. ಎರಡೂ ಒಂದೇ ತೇವ ಇರಲಿ. ರಟ್ಟು ತೆಗೆದು ಗೆರೆಯ ಮೇಲೆ ಹತ್ತು ಹುಳು ಬಿಟ್ಟು, ಗಾಳಿ ಆಡುವ ಹಾಗೆ ಮುಚ್ಚಿ ನೆರಳಿನಲ್ಲಿಡಿ. 48 ಗಂಟೆ ಬಿಟ್ಟು ಮತ್ತೆ ನಡುವೆ ರಟ್ಟು ಇಳಿಸಿ, ಯಾವ ಕಡೆ ಎಷ್ಟಿವೆ ಎಣಿಸಿ. ಐದೈದು ಬಂದರೆ ಅವಕ್ಕೆ ವ್ಯತ್ಯಾಸ ಗೊತ್ತಾಗಿಲ್ಲ. ಎಂಟು-ಒಂಬತ್ತು ಇದ್ದಿಲಿನ ಕಡೆ ಹೋದರೆ ಉಳಿದ ಮರಗಳಿಗೂ ಹಾಕಲು ಧೈರ್ಯ ಬಂತು. ಎಲ್ಲ ಬರೀ ಮಣ್ಣಿನ ಕಡೆಗೇ ಓಡಿದರೆ ನಿಮ್ಮ ಇದ್ದಿಲಿನಲ್ಲೇ ಏನೋ ಐಬಿದೆ, ಡಾಂಬರೋ ಬೂದಿಯ ಖಾರವೋ ನೋಡಬೇಕು. ಮೂರು ಟ್ರೇ ಇಟ್ಟರೆ ಒಳ್ಳೆಯದು, ಒಂದನ್ನೇ ನಂಬಬಾರದು. ತೋಟದಲ್ಲಿ ಹುಳು ಸಿಗುವುದಿಲ್ಲ ಅಂತೀರಿ, ಯಾರದಾದರೂ ಎರೆಗೊಬ್ಬರದ ತೊಟ್ಟಿಯಿಂದ ಹತ್ತಿಪ್ಪತ್ತು ತನ್ನಿ. ಲ್ಯಾಬಿನವರು ಈ ಪರೀಕ್ಷೆಗೆ ಬಳಸುವುದೂ ಅಂಥವನ್ನೇ.